ಕಿಟಕಿಯಲ್ಲಿ ನಿಂತವಳ ಪಾಸ್‌ಪೋರ್ಟು

ಉಪ್ಪಳ
9-8-2024

ಮುದ್ದಿನ ಅಪ್ಪಿಗೆ,

ಭುಜಂಗ ಮಾವನ ಆಶೀರ್ವಾದಗಳು. ನಾನೂ ನಿನ್ನ ಅಮ್ಮ ಮೋಹಿನಿಯೂ ಸೌಖ್ಯ. ಕೊಚ್ಚಿಯಲ್ಲಿ ನಿನ್ನ ತರಬೇತಿ ಹೇಗೆ ನಡೆಯುತ್ತಿದೆ? ಟಾಂಜಾನಿಯಾದ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಮೊದಲು ನನ್ನ ಮೇಲೆ ಪ್ರಯೋಗ ಮಾಡಿದೆಯಲ್ಲ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಎರಡೇ ದಿನದಲ್ಲಿ ಮೌಸನ್ನು ಹದ್ದುಬಸ್ತಿಗೆ ತಂದೆ. ಅಲ್ಲಿಯವರಿಗೆ ನನ್ನ ಕಥೆ ಹೇಳಿ ಧೈರ್ಯ ಕೊಡು.

ಪಾಸ್‌ಪೋರ್ಟು ಬರಲಿಲ್ಲ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಬಂದು ಎಂಟು ದಿನವಾಯಿತು. ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟಿದ್ದೆ. ಇದೇ ಕವರಿನಲ್ಲಿ ಉಂಟು. ತೆರೆದು ನೋಡುವ ಮೊದಲು ಈ ಪತ್ರ ಓದಿ ಮುಗಿಸು.

ನಿನಗಿಂತ ಮೊದಲು ಮೋಹಿನಿಗೆ ಒಂದು ಹೆಣ್ಣು ಮಗು ಹುಟ್ಟಿ ಹನ್ನೊಂದು ತಿಂಗಳಿಗೆ ತೀರಿಹೋಯಿತು ಎಂದು ನಿನಗೆ ಗೊತ್ತು. ಹೆಸರು ಮಾತ್ರ ಯಾರೂ ಹೇಳಿರಲಿಲ್ಲ. ನಿನ್ನ ಕಾಗದಗಳಲ್ಲೆಲ್ಲ ಇರುವ ಪೂಜಾಶ್ರೀ ಎಂದರೆ ಅವಳು.

ನಿನ್ನ ಅಪ್ಪ ಗಲ್ಫಿನಲ್ಲಿದ್ದ ಕಾಲ. ಪಂಚಾಯತಿನ ಕೆಲಸವೆಲ್ಲ ನನ್ನದು. ಆ ಮಗುವಿನ ಮರಣವನ್ನು ಇವತ್ತು ನಾಳೆ ಎನ್ನುತ್ತ ಬರೆಸಲೇ ಇಲ್ಲ. ಮರುವರ್ಷ ನೀನು ಮನೆಯಲ್ಲೇ ಹುಟ್ಟಿದೆ. ನಿನ್ನ ಜನನ ಬರೆಸಲು ಹೊರಟವನು ವಾಲಿಬಾಲ್ ಪಂದ್ಯ ನೋಡಿಕೊಂಡು ಬಂದು, ಆಯಿತು ಎಂದೆ. ಶಾಲೆಗೆ ಸೇರಿಸುವಾಗ ಸರ್ಟಿಫಿಕೇಟು ಕೇಳಿದರು. ಪೆಟ್ಟಿಗೆಯಲ್ಲಿ ಅವಳದೊಂದಿತ್ತು, ಅಪ್ಪ ಅಮ್ಮ ಅವರೇ, ಮನೆ ಅದೇ. ಕೊಟ್ಟುಬಿಟ್ಟೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ವಿಷಯ ತಿಳಿದ ಮೋಹಿನಿ ಒಂದು ವಾರ ನನಗೆ ಅನ್ನ ಬಡಿಸಲಿಲ್ಲ.

ಕಾಗದದಲ್ಲಿ ನಿನಗೆ ಎರಡು ವರ್ಷ ಹೆಚ್ಚಿರುವುದು ಅದಕ್ಕೆ, ನಾವು ಹೇಳುತ್ತ ಬಂದ ಹಾಗೆ ಶಾಲೆಗೆ ಬೇಗ ಸೇರಿಸಲೆಂದು ಅಲ್ಲ. ಮನೆಯಲ್ಲಿ ನಿನ್ನನ್ನು ಯಾರೂ ಪೂಜಾಶ್ರೀ ಎಂದು ಕರೆಯದ್ದೂ ಅದಕ್ಕೇ. ಪ್ರತಿ ಆಟಿ ತಿಂಗಳಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದು ಬಡಿಸುತ್ತೇವೆ. ಅವಳಿಗೆ ಒಮ್ಮೆಯೂ ಎಲೆ ಹಾಕಲಿಲ್ಲ. ಬದುಕಿರುವ ನಿನ್ನ ಹೆಸರನ್ನು ಅಲ್ಲಿ ಹೇಗೆ ಕೂಗುವುದು?

ಪೊಲೀಸಿನವರನ್ನು ಮಾತಿನಲ್ಲೇ ಗೆದ್ದೆ ಎಂದು ಜಂಬ ಕೊಚ್ಚಿದೆನಲ್ಲ, ಅದೂ ಸುಳ್ಳು. ಪಾಸ್‌ಪೋರ್ಟಿನ ವಿಚಾರಣೆಗೆ ಅವರು ಬಂದ ಬೆಳಿಗ್ಗೆ ಮೋಹಿನಿ ರೇಶನ್ ಅಂಗಡಿಗೆ ಹೋಗಿದ್ದಳು. ನಾನು ಬಾಗಿಲಿಗೆ ಬೀಗ ಹಾಕಿ, ಕೀ ಸೊಂಟಕ್ಕೆ ಸಿಕ್ಕಿಸಿ, ಅವರಿಗೆಂದೇ ಬಿಸ್ಕೂಟು ತರಲು ಹೋಗಿದ್ದೆ. ತಿರುಗಿ ಬರುವಾಗ ಅವರು ಅಂಗಳ ಇಳಿಯುತ್ತಿದ್ದರು. ನೀನು ಕೊಚ್ಚಿಯಲ್ಲಿದ್ದೀ ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಬೈದರು: "ಎಂತ ಮಾರಾಯ್ರೆ, ಪ್ರಾಯದ ಹುಡುಗಿ ಒಳಗಿರುವಾಗ ಹೊರಗಿಂದ ಬೀಗ ಹಾಕುವುದಾ? ಪಾಪ, ಕಿಟಕಿಯಲ್ಲಿ ನಿಂತೇ ಎಲ್ಲ ಹೇಳಿದಳು. ಹೆಸರು, ಹುಟ್ಟಿದ ತಾರೀಕು ಎಲ್ಲ ಸರಿ ಉಂಟು. ಫೋಟೋದಲ್ಲಿ ಸ್ವಲ್ಪ ಸಣ್ಣವಳ ಹಾಗೆ ಕಾಣುತ್ತಾಳೆ, ಅಷ್ಟೇ."

ಬಿಸ್ಕೂಟಿನ ಪೊಟ್ಟಣ ಅವರ ಕೈಗೆ ಕೊಟ್ಟು ಕಳಿಸಿದೆ. ಮೋಹಿನಿ ಬರುವವರೆಗೆ ಬೀಗ ತೆಗೆಯಲಿಲ್ಲ. ಒಳಗೆ ಯಾರೂ ಇರಲಿಲ್ಲ. ಕಂಪ್ಯೂಟರಿನ ಎದುರು ಇರುವ ನಿನ್ನ ಕುರ್ಚಿ ಮಾತ್ರ ಕಿಟಕಿಯ ಹತ್ತಿರ ಇತ್ತು.

ಈಗ ನೀನು ಹೇಳಬೇಕು. ಈ ಹೆಸರು ಬೇಡವೆಂದರೆ ಪಂಚಾಯತಿಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡು ಎಲ್ಲ ಸರಿ ಬರೆಸುತ್ತೇನೆ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಟಾಂಜಾನಿಯಾಕ್ಕೆ ಹೋಗುವ ತಂಡದಲ್ಲಿ ನಿನ್ನ ಜಾಗ ಬೇರೆಯವರಿಗೆ ಹೋಗುತ್ತದೆ. ಮೂರು ವರ್ಷ ಕಾದವಳು ನೀನು. ಈ ಸಲವೇ ಹೋಗುವುದಾದರೆ ಅವಳಾಗಿ ಹೋಗಬೇಕು. ಹೋಗು ಎನ್ನಲು ನನಗೆ ಬಾಯಿ ಬರುವುದಿಲ್ಲ, ಬೇಡ ಎನ್ನಲೂ ಬರುವುದಿಲ್ಲ. ನನ್ನ ಬಾಯಿ ಕಟ್ಟಿದ್ದು ಇದೇ ಮೊದಲು.

ಇತಿ, ಇಷ್ಟೆಲ್ಲ ಮಾಡಿಟ್ಟ ನಿನ್ನ ಸೋದರಮಾವ
ಭುಜಂಗ

ಮರೆತ ಮಾತು: ಕವರು ಅಂಟಿಸುವ ಮೊದಲು ಇದನ್ನು ಮೋಹಿನಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ. ಅಂಗಳಕ್ಕೆ ಇಳಿದು, ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಸಲ, ಪೂಜಾ ಎಂದು ಕೂಗಿದಳು. ಒಳಗಿನಿಂದ "ಓ" ಎಂದು ಕೇಳಿತು. ನನಗೂ ಕೇಳಿತು. "ಅಪ್ಪಿ ಹೋಗಲಿ ಅಣ್ಣ, ನನ್ನೊಟ್ಟಿಗೆ ಇವಳು ಇದ್ದಾಳಲ್ಲ" ಎಂದಳು. ಮತ್ತೆ ಒಳಗೆ ಹೋಗಿ ಎರಡು ಲೋಟ ಚಹಾ ಮಾಡಿದಳು. ನನಗೆ ಕೊಡಲಿಲ್ಲ.