ಮೂರು ಎಕರೆ ಏಳು ಗುಂಟೆ ನುಂಗಿದ ಚುಕ್ಕೆ

ಮೌಲ್ಯಮಾಪನ ವಿಭಾಗದ ಕುಲಸಚಿವರೇ,

'ಮಾನ್ಯರೇ' ಎಂದು ಬರೆದು ಹೊಡೆದುಹಾಕಿದ್ದೇನೆ. ಮಾನ ಎಂದರೆ ಮರ್ಯಾದೆ ಎಂದೂ ಅರ್ಥ, ಅಳತೆ ಎಂದೂ ಅರ್ಥ. ನಿಮ್ಮ ಕಚೇರಿ ಎರಡನೆಯದನ್ನು ಕಲಿಯುವವರೆಗೆ ಮೊದಲನೆಯದನ್ನು ನಾನು ತಡೆಹಿಡಿದಿದ್ದೇನೆ. ತಡೆಹಿಡಿಯುವುದು ನಿಮ್ಮಲ್ಲಿ ದಿನನಿತ್ಯದ ಕೆಲಸವಾದ್ದರಿಂದ ನಿಮಗೆ ಬೇಸರವಾಗಲಾರದು.

ಕಳೆದ ಏಪ್ರಿಲ್‌ನಲ್ಲಿ ನೀವು ನಡೆಸಿದ ಅಂತಿಮ ಬಿ.ಎ. ಪರೀಕ್ಷೆಯ 'ಪರಿಮಾಣಾತ್ಮಕ ವಿಧಾನಗಳು' ಪತ್ರಿಕೆಯಲ್ಲಿ, ಒಂದು ಎಕರೆಗೆ ನಲವತ್ತು ಗುಂಟೆ ಎಂದು ತಿಳಿದಿದ್ದ ಅಪರಾಧಕ್ಕೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹನ್ನೆರಡು ವಿದ್ಯಾರ್ಥಿಗಳನ್ನು ನಪಾಸು ಮಾಡಿದ್ದೀರಿ. ಅವರಲ್ಲಿ ಒಬ್ಬಳು ಕುಬಟೂರಿನ ನಯನ, ನನ್ನ ವಿದ್ಯಾರ್ಥಿನಿ. ನೂರಕ್ಕೆ ಮೂವತ್ತೊಂದು ಕೊಟ್ಟಿದ್ದೀರಿ; ಪಾಸಾಗಲು ಮೂವತ್ತೈದು ಬೇಕು. ಸೆಪ್ಟೆಂಬರ್ ಹತ್ತರೊಳಗೆ ತಿದ್ದಿದ ಅಂಕಪಟ್ಟಿ ಅವಳ ಕೈಗೆ ಬಾರದಿದ್ದರೆ ಈ ವರ್ಷದ ಬಿ.ಎಡ್. ಅರ್ಜಿ ಹೋಯಿತು. ಮುಂದಿನ ವರ್ಷ ನೋಡೋಣ ಎನ್ನುವ ಮಾತು ಅವಳ ಮನೆಯಲ್ಲಿ ನಡೆಯುವುದಿಲ್ಲ. ಓದು ನಿಂತರೆ ಮದುವೆ ಎಂದು ತಾಯಿ ಹುಚ್ಚಮ್ಮ ಮೊದಲೇ ಹೇಳಿದ್ದಾರೆ, ಮೂರು ಜಾತಕ ಬಂದೂ ಕೂತಿವೆ. ಹೀಗಾಗಿ ನನಗೆ ನಿಮ್ಮ ಮೇಲೆ ಸಿಟ್ಟಿದೆ. ಸಿಟ್ಟು ಎನ್ನುವುದಕ್ಕಿಂತ ಸೇಡು ಎಂದರೆ ಸರಿ. ಅದನ್ನು ವಿನಯದ ಶಾಲು ಹೊದಿಸಿ ಕಳಿಸುವ ವಯಸ್ಸು ನನ್ನದಲ್ಲ.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿ. ಅರೆಕಾಲಿಕ ಎಂದರೆ ಪಾಠಕ್ಕೆ ಬೇಕು, ಸಿಬ್ಬಂದಿ ಕೊಠಡಿಯ ಕುರ್ಚಿಗೆ ಬೇಡ ಎಂದರ್ಥ. ಆರು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ಒಂದು ಲೆಕ್ಕದ ತರಗತಿ ನಡೆಸುತ್ತಿದ್ದೇನೆ. ಯಾವ ವಿಷಯದವರು ಬೇಕಾದರೂ ಬರಬಹುದು, ಒಂದೇ ಷರತ್ತು: ಲೆಕ್ಕವನ್ನು ನೀವೇ ತರಬೇಕು. ಭೂಗೋಳದವರು ತಾಲ್ಲೂಕು ಕಚೇರಿಯ ಮಳೆಮಾಪಕದ ಅಂಕಿ ತರುತ್ತಾರೆ. ವಾಣಿಜ್ಯದವರು ತಮ್ಮ ಅಂಗಡಿಯಲ್ಲಿ ಯಾವ ವಾರ ಎಷ್ಟು ಗಿರಾಕಿ ಬಂದರೆಂದು ಬರೆದು ತರುತ್ತಾರೆ. ಇತಿಹಾಸದ ಸಿದ್ಧಲಿಂಗೇಶ್ ಎಂಬ ಹುಡುಗ ಬಳ್ಳಿಗಾವಿಯ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯನ್ನೆಲ್ಲ ಪಟ್ಟಿ ಮಾಡಿಕೊಂಡು ಬಂದು, ಸರಾಸರಿ ದಾನ ಎಷ್ಟು ಮತ್ತರು ಎಂದು ಕೇಳಿದ್ದ. ಮತ್ತರು ಆ ಕಾಲದ ಭೂಮಿಯ ಅಳತೆ, ಅದೂ ಊರಿಗೊಂದು ಥರ. ಯಾವ ಊರಿನ ಕೋಲಿನಿಂದ ಅಳೆದ ಮತ್ತರು ಎಂದು ಗೊತ್ತಾಗದೆ ಕೂಡಬೇಡ ಎಂದು ಅವನನ್ನು ವಾಪಸ್ಸು ಕಳಿಸಿದೆ. ಅಂಕಿಯನ್ನು ಮುಟ್ಟುವ ಮುಂಚೆ ಅಳತೆ ಯಾವುದೆಂದು ಕೇಳಿ ಎನ್ನುವುದೇ ನಾನು ಆರು ವರ್ಷ ಹೇಳಿಕೊಟ್ಟದ್ದು. ಬೇರೇನೂ ಕಲಿಯದಿದ್ದರೂ ಇದೊಂದನ್ನು ಎಲ್ಲರೂ ಕಲಿತರು.

ಕುಬಟೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ನಯನ ಮೂರು ವರ್ಷದಲ್ಲಿ ಒಂದು ಶನಿವಾರವನ್ನೂ ತಪ್ಪಿಸಿದವಳಲ್ಲ. ನೀವು ಬೇಕಾದರೆ ಇದನ್ನು ಅವಳ ತಪ್ಪುಗಳ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಈ ಪತ್ರವನ್ನು ದಿನಪತ್ರಿಕೆಗೂ ಕಳಿಸುತ್ತಿರುವುದರಿಂದ, ಈಗ ನಿಮ್ಮ ಪ್ರಶ್ನೆಯನ್ನು ಅದರ ಓದುಗರ ಮುಂದಿಡುತ್ತೇನೆ. 'ಒಂದು ಗ್ರಾಮದ ಪಹಣಿಯ ಪ್ರಕಾರ ಹತ್ತು ರೈತರ ಹಿಡುವಳಿ, ಎಕರೆಗಳಲ್ಲಿ, ಹೀಗಿದೆ: 0.35, 1.10, 1.20, 1.38, 2.05, 2.20, 2.39, 3.15, 4.00, 5.30. ಸರಾಸರಿ ಮತ್ತು ಮಾನಕ ವಿಚಲನೆ ಕಂಡುಹಿಡಿಯಿರಿ.' ಇದಕ್ಕೆ ಹದಿನಾರು ಅಂಕ. ಇದೇ ಹಿಡುವಳಿಗೂ ಭತ್ತದ ಇಳುವರಿಗೂ ಇರುವ ಸಹಸಂಬಂಧ ಕಂಡುಹಿಡಿಯಲು ಇನ್ನೊಂದು ಹದಿನಾರು. ಪಹಣಿಯಲ್ಲಿ ವಿಸ್ತೀರ್ಣವನ್ನು ಕೆಲವರು ಎರಡರ ಪಕ್ಕ ಗೀಟೆಳೆದು ಇಪ್ಪತ್ತು ಎಂದು ಬರೆಯುತ್ತಾರೆ, ಕೆಲವರು ಚುಕ್ಕೆ ಇಟ್ಟು ಬರೆಯುತ್ತಾರೆ. ಹೇಗೆ ಬರೆದರೂ ಈ ಎರಡು ತಾಲ್ಲೂಕಿನಲ್ಲಿ ಹೆಬ್ಬೆಟ್ಟು ಒತ್ತುವವರೂ ಅದನ್ನು ಎರಡು ಎಕರೆ ಇಪ್ಪತ್ತು ಗುಂಟೆ ಎಂದೇ ಓದುತ್ತಾರೆ, ಅಂದರೆ ಎರಡೂವರೆ ಎಕರೆ. ನಯನ ಹಾಗೆಯೇ ಓದಿದಳು. ಗುಂಟೆಗಳನ್ನು ಕೂಡಿ ನಲವತ್ತರಿಂದ ಭಾಗಿಸಿ, ಹತ್ತು ಜನರ ಒಟ್ಟು ಜಮೀನು ಇಪ್ಪತ್ತಾರು ಎಕರೆ ಹನ್ನೆರಡು ಗುಂಟೆ ಎಂದು ಬರೆದಳು. ನಿಮ್ಮ ಮಾದರಿ ಉತ್ತರ ಆ ಚುಕ್ಕೆಯನ್ನು ದಶಮಾಂಶ ಬಿಂದುವೆಂದು ತಿಳಿದು ಇಪ್ಪತ್ಮೂರು ಎಕರೆ ಚಿಲ್ಲರೆ ಎನ್ನುತ್ತದೆ. ವ್ಯತ್ಯಾಸ ಮೂರು ಎಕರೆ ಏಳು ಗುಂಟೆ. ಒತ್ತುವರಿ ಮಾಡುವವರು ರಾತ್ರೋರಾತ್ರಿ ಬೇಲಿ ಸರಿಸಬೇಕಾಗುತ್ತದೆ. ನಿಮಗೆ ಒಂದು ಚುಕ್ಕೆ ಸಾಕಾಯಿತು.

ಅದು ದಶಮಾಂಶವೇ ಇರಬಹುದಲ್ಲ ಎಂದು ನೀವು ವಾದಿಸಬಹುದು. ವಾದಿಸಿ. ಚುಕ್ಕೆಯ ಬಲಕ್ಕಿರುವ ಹತ್ತು ಅಂಕಿಗಳನ್ನು ನೋಡಿ: ಮೂವತ್ತೈದು, ಹತ್ತು, ಇಪ್ಪತ್ತು, ಮೂವತ್ತೆಂಟು, ಹೆಚ್ಚೆಂದರೆ ಮೂವತ್ತೊಂಬತ್ತು. ಒಂದಾದರೂ ನಲವತ್ತನ್ನು ಮುಟ್ಟಿದೆಯೇ? ನಿಜವಾದ ದಶಮಾಂಶವಾಗಿದ್ದರೆ ಅಲ್ಲಿ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಯಾವುದು ಬೇಕಾದರೂ ಬರಬಹುದಿತ್ತು. ಹತ್ತಕ್ಕೆ ಹತ್ತೂ ನಲವತ್ತರ ಒಳಗೇ ಉಳಿಯುವ ಸಂಭವ ಒಂಬತ್ತೂವರೆ ಸಾವಿರದಲ್ಲಿ ಒಂದು. ಈ ಲೆಕ್ಕ ನಿಮ್ಮದೇ ಪಠ್ಯಕ್ರಮದ ನಾಲ್ಕನೇ ಅಧ್ಯಾಯದಲ್ಲಿದೆ. ಪ್ರಶ್ನೆ ತೆಗೆದವರು ಯಾವುದೋ ಪಹಣಿಯಿಂದ ಅಂಕಿ ಇಳಿಸಿಕೊಂಡು, ಅಳತೆಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ತಪ್ಪು ಯಾರಿಂದಲೂ ಆಗುತ್ತದೆ, ನನ್ನಿಂದಲೂ ಆಗಿದೆ. ಅದನ್ನು ತೋರಿಸಿಕೊಟ್ಟ ಮೇಲೂ ಕಾಪಾಡಿಕೊಳ್ಳಲು ಮಾತ್ರ ಒಂದು ಕಚೇರಿ ಬೇಕಾಗುತ್ತದೆ.

ಮರುಮೌಲ್ಯಮಾಪನಕ್ಕೆ ಹಾಕಿದೆವು. 'ಬದಲಾವಣೆ ಇಲ್ಲ' ಎಂದು ಅಂಚೆ ಕಾರ್ಡಿನಲ್ಲಿ ಬಂತು. ಮೂರು ಪತ್ರ ಬರೆದೆ. ಕೊನೆಗೆ ಜುಲೈ ಹದಿನಾಲ್ಕರಂದು ನಯನಳ ತಂದೆ ಆನಂದಪ್ಪನವರನ್ನು ಕರೆದುಕೊಂಡು ನಿಮ್ಮ ಕಚೇರಿಗೇ ಬಂದೆ. ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕೂರಿಸಿದಿರಿ. ಒಳಗೆ ಕರೆದಾಗ ಫೈಲು ತರಿಸಿ, ಮಾದರಿ ಉತ್ತರ ತೆಗೆದು, ಸರಾಸರಿ 2.312 ಎಂದು ನಮಗೆ ಓದಿ ಹೇಳಿದಿರಿ. ಪಹಣಿ ಎಂಬ ಪದ ಪ್ರಶ್ನೆಯಲ್ಲೇ ಇದೆ ಎಂದು ನಾನು ಬೆರಳಿಟ್ಟು ತೋರಿಸಿದೆ. ಆನಂದಪ್ಪ ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿಕೊಂಡು, ನಿಂತೇ ಕೇಳಿದರು: "ನಲವತ್ತು ಗುಂಟೆಗೆ ಎಕ್ರೆ ಆಗೋದು ನಮಗೆ ಗೊತ್ತೈತ್ರೀ. ನೂರು ಗುಂಟೆಗೆ ಆಗೋದು ಯಾವ ಸೀಮೆಲಿ, ಸ್ವಾಮಿ?"

ನೀವು ಅವರನ್ನು ಬಿಟ್ಟು ನನ್ನ ಕಡೆ ತಿರುಗಿ, ನಗುತ್ತಲೇ ಹೇಳಿದಿರಿ: "ಹಳ್ಳಿ ಲೆಕ್ಕ ಬೇರೆ, ಗಣಿತ ಬೇರೆ ಕಣಮ್ಮ. ಇದು ವಿಶ್ವವಿದ್ಯಾಲಯ, ತಾಲ್ಲೂಕು ಕಚೇರಿ ಅಲ್ಲ."

ಆ ನಗೆಯನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ಹಳ್ಳಿ ಲೆಕ್ಕ ಬೇಡವಾದರೆ ಹಳ್ಳಿಯ ಪಹಣಿ ಯಾಕೆ ಬೇಕಿತ್ತು? ರೈತರ ಹೆಸರಿನಲ್ಲಿ ಪ್ರಶ್ನೆ ಕೇಳಿ ರೈತರ ಮಗಳು ಸರಿಯುತ್ತರ ಬರೆದರೆ ಅದು ಗಣಿತವಲ್ಲವೇ? ವಾಪಸ್ಸು ಬರುವಾಗ, ಬಸ್ಸು ಶಿಕಾರಿಪುರ ಮುಟ್ಟುವ ಹೊತ್ತಿಗೆ ಆನಂದಪ್ಪ, ತಾವು ಮಗಳಿಗೆ ಗುಂಟೆ ಲೆಕ್ಕ ಹೇಳಿಕೊಡಬಾರದಿತ್ತೇನೋ ಎಂದರು. ಅದನ್ನು ಕೇಳಿ ನನಗೆ ಬಸ್ಸಿನಲ್ಲೇ ಅಳು ಬಂತು.

ಅದಕ್ಕಿಂತ ಕಷ್ಟವಾದದ್ದು ಮರುವಾರ. ನಯನ ಅಳಲಿಲ್ಲ. ಶನಿವಾರದ ತರಗತಿಗೆ ಬಂದು, ಅಕ್ಟೋಬರ್ ಪರೀಕ್ಷೆಗೆ ಕಟ್ಟುತ್ತೇನೆ ಎಂದಳು. ಪುಸ್ತಕ ತೆರೆದು ಪೆನ್ನು ಹಿಡಿದು ಕೇಳಿದಳು: "ಮೇಡಂ, ಈ ಸಲ ಎಕ್ರೆಗೆ ಎಷ್ಟು ಗುಂಟೆ ಅಂತ ಬರೀಲಿ?"

ಕುಲಸಚಿವರೇ, ನಾನು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಉತ್ತರ ಗೊತ್ತಿದ್ದೂ ಹೇಳಲಾಗದೆ ಕಿಟಕಿ ನೋಡಿದ್ದು ಅದೇ ಮೊದಲು. ನಲವತ್ತು ಎಂದರೆ ಅವಳು ಮತ್ತೆ ನಪಾಸಾಗಬಹುದು. ನೂರು ಎಂದರೆ ನಾನು ಮೇಷ್ಟರಾಗಿ ಉಳಿಯುವುದಿಲ್ಲ. ನಾಳೆ ಅವಳೇ ಟೀಚರಾಗಿ ನಲವತ್ತು ಮಕ್ಕಳ ಮುಂದೆ ನಿಲ್ಲಬೇಕಾದವಳು. ಅವಳಿಗೆ ಸುಳ್ಳು ಬರೆಯುವುದನ್ನು ಅಭ್ಯಾಸ ಮಾಡಿಸುವ ಕೆಲಸ ನನಗೆ ಹಚ್ಚಿದ್ದೀರಿ.

ನಾನು ಅಳುತ್ತ ಕೂರಲಿಲ್ಲ, ನಿಮ್ಮ ಪರೀಕ್ಷೆಯನ್ನೇ ಪರೀಕ್ಷೆಗೆ ಕೂರಿಸಿದೆ. ಎರಡು ತಾಲ್ಲೂಕಿನಲ್ಲಿ ಈ ಪತ್ರಿಕೆ ಬರೆದ ನಲವತ್ತೊಂದು ಮಂದಿಯನ್ನೂ ಹುಡುಕಿ ಕೇಳಿದೆ. ಗುಂಟೆ ಹಿಡಿದು ಬರೆದವರು ಹನ್ನೆರಡು, ಹನ್ನೆರಡೂ ನಪಾಸು. ದಶಮಾಂಶ ಹಿಡಿದು ಬರೆದವರು ಇಪ್ಪತ್ತೊಂಬತ್ತು, ಅವರಲ್ಲಿ ನಪಾಸಾದವರು ಆರೇ ಆರು. ಇದು ಕಾಕತಾಳೀಯವೇ ಎಂದು ತಿಳಿಯಲು ಕೈವರ್ಗ ಪರೀಕ್ಷೆ ಎಂಬುದೊಂದಿದೆ, ಅದನ್ನೂ ಮಾಡಿದೆ. ಉತ್ತರ ನಾಲ್ಕರೊಳಗೆ ಬಂದಿದ್ದರೆ ಕಾಕತಾಳೀಯವೆಂದು ಸುಮ್ಮನಾಗುತ್ತಿದ್ದೆ. ಇಪ್ಪತ್ತೊಂದು ದಾಟಿತು. ನಿಮ್ಮ ಮೇಲೆ ಕರುಣೆ ತೋರಿ, ಸಣ್ಣ ಸಂಖ್ಯೆಗಳಿಗೆಂದು ಇರುವ ತಿದ್ದುಪಡಿಯನ್ನೂ ಮಾಡಿ ನೋಡಿದೆ, ಆಗಲೂ ಹದಿನೆಂಟರ ಕೆಳಗೆ ಇಳಿಯಲಿಲ್ಲ. ಪಾಸಾದವರಲ್ಲಿ ಒಬ್ಬಳು ಪೇಟೆಯ ಚೈತ್ರಶ್ರೀ. ಅದು ಗುಂಟೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತಂತೆ. ಪೇಪರ್ ನೋಡುವವರಿಗೆ ಗೊತ್ತಿರುವುದಿಲ್ಲ ಎಂದು ಊಹಿಸಿ ದಶಮಾಂಶ ಮಾಡಿದಳಂತೆ. ಅವಳಿಗೆ ಅರವತ್ತೆಂಟು. ಅದನ್ನು ನನ್ನೆದುರು ಹೇಳುವಾಗ ಅವಳು ನಯನಳ ಮುಖ ನೋಡಲಿಲ್ಲ. ನಿಮ್ಮ ಪರೀಕ್ಷೆ ಅಳೆಯುತ್ತಿರುವುದು ಏನನ್ನು ಎಂದು ಇನ್ನೂ ಬಿಡಿಸಿ ಹೇಳಬೇಕೇ?

ಶನಿವಾರದ ತರಗತಿಯಲ್ಲಿ ಈಗ ಎಲ್ಲ ವಿಷಯದವರಿಗೂ ನೀವೇ ಅಭ್ಯಾಸದ ಲೆಕ್ಕ. ಅರ್ಥಶಾಸ್ತ್ರದವರು ನಿಮ್ಮ ಚುಕ್ಕೆಯನ್ನು ಇಡೀ ಸೊರಬ ತಾಲ್ಲೂಕಿಗೆ ಹಾಕಿದರೆ ಎಷ್ಟು ಗದ್ದೆ ಕಾಣೆಯಾಗುತ್ತದೆಂದು ಅಂದಾಜು ಮಾಡುತ್ತಿದ್ದಾರೆ. ವಾಣಿಜ್ಯದವರಿಗೆ, ನನ್ನ ಮೂರು ಪತ್ರಗಳಿಗೆ ಉತ್ತರಿಸಲು ನಿಮ್ಮ ಕಚೇರಿ ತೆಗೆದುಕೊಂಡ ಸರಾಸರಿ ದಿನಗಳನ್ನು ಕಂಡುಹಿಡಿಯಲು ಕೊಟ್ಟೆ. ಉತ್ತರವೇ ಬಾರದ ಪತ್ರಕ್ಕೆ ಸರಾಸರಿ ಬರುವುದಿಲ್ಲವೆಂದು ಅವರು ಹಾಳೆ ವಾಪಸ್ಸು ಕೊಟ್ಟರು. ಕುರ್ಚಿಯ ಎತ್ತರಕ್ಕೂ ಕಿವಿಯ ಮಂದಕ್ಕೂ ಸಹಸಂಬಂಧ ಇದೆಯೇ ಎಂದು ಮನಶ್ಶಾಸ್ತ್ರದ ಹುಡುಗಿಯೊಬ್ಬಳು ತಾನಾಗಿಯೇ ಶುರುಮಾಡಿದ್ದಾಳೆ. ನಾನು ತಡೆದಿಲ್ಲ.

ಕೊನೆಯ ಲೆಕ್ಕವನ್ನು ಮಾತ್ರ ನಾನೊಬ್ಬಳೇ ಮಾಡಿದ್ದೇನೆ. ಹೋದ ವಾರ ಆನಂದಪ್ಪ ತಮ್ಮ ಪರಿಚಯದ ಕೆಂಪಪ್ಪ ಎಂಬ ರೈತರನ್ನು ನನ್ನ ಮನೆಗೆ ಕರೆತಂದರು. ಕೆಂಪಪ್ಪನವರ ಗದ್ದೆ ಆನವಟ್ಟಿ ಕಡೆ. ಅದರ ಪಕ್ಕದ ಜಮೀನು ನಿಮ್ಮದು, ನಿಮ್ಮ ತಂದೆಯವರಿಂದ ಬಂದದ್ದು. ಹೋದ ವರ್ಷ ನೀವು ಸರ್ವೆ ಇಲಾಖೆಗೆ ಅಳತೆಗೆ ಅರ್ಜಿ ಹಾಕಿದ್ದೀರಿ, ಕೆಂಪಪ್ಪ ಎರಡು ಗುಂಟೆ ಒತ್ತಿದ್ದಾರೆ ಎಂದು. ನೋಟಿಸಿನ ಜೊತೆ ಅವರಿಗೆ ಬಂದ ಅರ್ಜಿಯ ನಕಲು ಈಗ ನನ್ನ ಮೇಜಿನ ಮೇಲಿದೆ. ನಿಮ್ಮದೇ ಕೈಬರಹ, ಅಕ್ಷರ ಚೆನ್ನಾಗಿದೆ. 'ಪಹಣಿಯಂತೆ ನನ್ನ ಜಮೀನು 3.30, ಅಂದರೆ ಮೂರು ಎಕರೆ ಮೂವತ್ತು ಗುಂಟೆ' ಎಂದು ಬರೆದಿದ್ದೀರಿ. ಚುಕ್ಕೆ ಇಟ್ಟೇ ಬರೆದಿದ್ದೀರಿ. ಅಲ್ಲಿ ನಿಮಗೆ ಹಳ್ಳಿ ಲೆಕ್ಕ ಬಂದಿದೆ. ಎರಡು ಗುಂಟೆಗಾಗಿ ಮೋಜಣಿದಾರರನ್ನು ಕರೆಸುವವರಿಗೆ, ಹನ್ನೆರಡು ಮಕ್ಕಳ ಗುಂಟೆ ಕಣ್ಣಿಗೆ ಬೀಳಲಿಲ್ಲ.

ನಿಮ್ಮ ಮಾದರಿ ಉತ್ತರದ ಪ್ರಕಾರ 3.30 ಎಂದರೆ ಮೂರು ಎಕರೆ ಹನ್ನೆರಡು ಗುಂಟೆ ಮಾತ್ರ. ಉಳಿದ ಹದಿನೆಂಟು ಗುಂಟೆ ನಿಮ್ಮದಲ್ಲ.

ನನ್ನ ಬೇಡಿಕೆ ಹೀಗಿದೆ. ಆಗಸ್ಟ್ ಮೂವತ್ತೊಂದರೊಳಗೆ ಹನ್ನೆರಡು ಮಂದಿಯ ಆ ಎರಡು ಉತ್ತರಗಳನ್ನು ಅಳತೆ ಗೊತ್ತಿರುವವರಿಂದ ಮತ್ತೆ ನೋಡಿಸಿ, ಅಂಕಪಟ್ಟಿ ತಿದ್ದಿ, ಕೈಗೆ ತಲುಪಿಸಬೇಕು. ನೀವು ಸೊನ್ನೆ ಹಾಕಿದ ಆ ಎರಡು ಉತ್ತರಗಳ ಮೂವತ್ತೆರಡು ಸೇರಿದರೆ ನಯನಳಿಗೆ ಅರವತ್ತಮೂರು ಬರುತ್ತದೆ, ಪ್ರಥಮ ದರ್ಜೆ. ನಾನು ಎರಡು ಸಲ ಕೂಡಿ ನೋಡಿದ್ದೇನೆ. ಅದು ಆಗದು, ಮಾದರಿ ಉತ್ತರವೇ ಸರಿ ಎನ್ನುವುದಾದರೆ, ಈ ಪತ್ರದ ಜೊತೆ ಒಂದು ಛಾಪಾ ಕಾಗದ ಕಳಿಸಿದ್ದೇನೆ. 'ನನ್ನ ಜಮೀನು ಮೂರು ಎಕರೆ ಹನ್ನೆರಡು ಗುಂಟೆ ಮಾತ್ರ, ಮಿಕ್ಕ ಹದಿನೆಂಟು ಗುಂಟೆಗೆ ನನಗೆ ಹಕ್ಕಿಲ್ಲ' ಎಂದು ಬೆರಳಚ್ಚು ಮಾಡಿಸಿದೆ. ಸಾಕ್ಷಿಯ ಜಾಗದಲ್ಲಿ ಕೆಂಪಪ್ಪ ಆಗಲೇ ಸಹಿ ಹಾಕಿದ್ದಾರೆ. ಎರಡರಲ್ಲಿ ಯಾವ ಕಾಗದಕ್ಕೆ ರುಜು ಹಾಕುತ್ತೀರೋ ಹಾಕಿ. ಎಕರೆಗೆ ಎಷ್ಟು ಗುಂಟೆ ಎಂದು ಆ ಹುಡುಗಿಗೆ ನಾನು ಅವತ್ತು ಹೇಳುತ್ತೇನೆ.

ಇಂತಿ,
ಈ ಪತ್ರ ಅಚ್ಚಾಗುವ ದಿನದವರೆಗಾದರೂ ಅರೆಕಾಲಿಕ ಉಪನ್ಯಾಸಕಿಯಾಗಿರುವ
ಸರ್ವಮಂಗಳ
ಶಿಕಾರಿಪುರ, 11 ಆಗಸ್ಟ್ 1997