ನಿಮ್ಮ ಆಂಟೆನಾ ಎಣಿಸಿದ ಮೂವತ್ತು ಜನ

ಬೀದಿ ಪರದೆಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನೀವು ನನ್ನ ಅಕ್ಕ ದಾನಮ್ಮನ ಕೈ ಸುಟ್ಟಿದ್ದೀರಿ. “ನಾನಲ್ಲ, ತೆರವು ತಂಡದವರು” ಎನ್ನಲು ಬಾಯಿ ತೆರೆದಿದ್ದರೆ ದಯವಿಟ್ಟು ಮುಚ್ಚಿಕೊಳ್ಳಿ. ಗಾಡಿಗೆ ಒದ್ದ ಕಾಲು ಅವರದು, ಆದೇಶ ನಿಮ್ಮದು. ಆ ಆದೇಶಕ್ಕೆ ಆಧಾರ, ರಬಕವಿಯ ನಮ್ಮ ಓಣಿಯೆದುರಿನ ಜಾಹೀರಾತು ಪರದೆಗೆ ನೀವು ಹಾಕಿಸಿದ ಒಂದು ಆಂಟೆನಾ.

ಪರದೆಯನ್ನು ಎಷ್ಟು ಜನ ನಿಂತು ನೋಡುತ್ತಾರೆಂದು ತಿಳಿಯಲು, ಎದುರಿಗಿರುವವರ ಮೊಬೈಲ್ ಸಿಗ್ನಲ್ ಎಣಿಸುವ ಯಂತ್ರ ಕೂರಿಸಿದಿರಿ. ಅದು ನಾಲ್ಕೂ ಕಡೆಯ ಫೋನು ಎಣಿಸುತ್ತದೆಂದು, ಒಂದೇ ದಿಕ್ಕು ನೋಡುವ ಆಂಟೆನಾ ತರಿಸಿದಿರಿ. ಬಹಳ ಜಾಣರು. ಆದರೆ ಯಾವ ದಿಕ್ಕು, ಸ್ವಾಮಿ? ಜೋಡಿಸಲು ಬಂದ ಮೆಕ್ಯಾನಿಕ್ ಅಮೋಲ ಅದನ್ನು ಕೆಳಗೆ, ರಸ್ತೆಯತ್ತ ಬಾಗಿಸಿದ್ದ. ಉದ್ಘಾಟನೆಯ ಫೋಟೋದಲ್ಲಿ ಸೊಟ್ಟಗೆ ಕಾಣುತ್ತದೆಂದು ನೀವೇ ನೆಟ್ಟಗೆ ಮಾಡಿಸಿದಿರಿ. ಅವನು ಏಣಿಯ ಮೇಲಿಂದ ಹೇಳಿದ್ದು ನನಗೂ ಕೇಳಿಸಿತ್ತು: “ಸಾಹೇಬ್ರ, ಹಿಂಗ ಇಟ್ರ ರಸ್ತಾ ಬಿಟ್ಟು ಎದುರಿನ ಶೆಡ್ ನೋಡತೈತ್ರಿ.” ನೀವು ಕ್ಯಾಮರಾ ಕಡೆ ತಿರುಗಿ ನಕ್ಕಿರಿ.

ಏರಿನ ಮೇಲಿರುವ ಆ ಶೆಡ್ಡಿನಲ್ಲೇ ನಾವು ಪವರ್‌ಲೂಮಿನ ಮೇಲೆ ಸೀರೆ ನೇಯುತ್ತೇವೆ. ಲಾಳಿ ಹಾರುವ ಕಡೆ ಕೈಯಲ್ಲಿ ಫೋನು ಹಿಡಿದವನಿಗೆ ಬೆರಳು ಉಳಿಯುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ: ಒಳಗೆ ಬಂದವರೆಲ್ಲ ಮೊದಲು ರಸ್ತೆ ಕಡೆಯ ಕಿಟಕಿಕಟ್ಟೆಯ ಮೇಲೆ ಫೋನು ಸಾಲಾಗಿ ಇಟ್ಟು, ಆಮೇಲೆ ಮಗ್ಗ ಮುಟ್ಟುತ್ತಾರೆ. ಕಟ್ಟೆಯ ಮೇಲೆ ಮೂವತ್ತು ಫೋನುಗಳು, ಎದುರಿಗೇ ನಿಮ್ಮ ಆಂಟೆನಾ. ಮುಂದಿನದು ನಿಮಗೇ ಗೊತ್ತು. ಮೂವತ್ತು ಜನ ಬೆಳಗಿನಿಂದ ಸಂಜೆಯವರೆಗೆ ರಸ್ತೆಯಲ್ಲಿ ಕದಲದೆ ನಿಂತಿದ್ದಾರೆ ಎಂದು ವರದಿ ಬಂತು. ಸಿಮೆಂಟಿನ ಜಾಹೀರಾತನ್ನು ಇಡೀ ದಿನ ನಿಂತು ನೋಡುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಒಮ್ಮೆ ಬಂದು ನಮ್ಮ ಕಿಟಕಿಯಲ್ಲಿ ಇಣುಕಿದ್ದರೂ ಸಾಕಿತ್ತು. ನೀವು ಇಣುಕಲಿಲ್ಲ. ಪರದೆಯೆದುರು ರಸ್ತೆ ಬದಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದ ನನ್ನಕ್ಕನ ಗಾಡಿಯೇ ಜನಜಂಗುಳಿಗೆ ಕಾರಣ, ಸಂಚಾರಕ್ಕೆ ಅಡ್ಡಿ ಎಂದು ಷರಾ ಬರೆದಿರಿ.

ನಿಮ್ಮವರು ಬಂದಾಗ ಕಡಾಯಿಯಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಅಕ್ಕ ಜಗಳ ಆಡಲಿಲ್ಲ. “ಎಣ್ಣಿ ಕಾದೈತ್ರೀ, ಇಳಿಸೂತನಕ ನಿಲ್ರೀ” ಎಂದಳು, ಅಷ್ಟೇ. ಒಬ್ಬ ಗಾಡಿಗೆ ಒದ್ದ. ಕಡಾಯಿ ಅವಳ ಬಲಗೈ ಮೇಲೆ ಮಗುಚಿತು. ಅವಳು ಚೀರಿದ್ದು ಮೂವತ್ತು ಮಗ್ಗಗಳ ಸದ್ದು ಸೀಳಿ ನಮಗೆ ಕೇಳಿಸಿತು. ಓಡಿ ಬಂದಾಗ ಮೊಣಕೈವರೆಗೆ ಚರ್ಮ ಸುಲಿದು, ಬಳೆಗಳು ಮಾಂಸಕ್ಕೆ ಅಂಟಿದ್ದವು. ನಿಮ್ಮವರು ಉರುಳಿದ ಗಾಡಿಯನ್ನು ಲಾರಿಗೆ ಏರಿಸುತ್ತಿದ್ದರು. ಅವತ್ತು ನನ್ನ ಕೈಗೆ ಸಿಕ್ಕಿದ್ದರೆ ನಿಮ್ಮನ್ನೂ ಅದೇ ಎಣ್ಣೆಯಲ್ಲಿ ಅದ್ದುತ್ತಿದ್ದೆ. ಈ ಮಾತಿಗೆ ನಾನು ಕ್ಷಮೆ ಕೇಳುವುದಿಲ್ಲ.

ಮರುದಿನ ನಿಮ್ಮ ಕಚೇರಿಗೆ ಬಂದೆ. ಗಾಡಿ ಹೋದರೂ ಕಂಪ್ಯೂಟರಿನಲ್ಲಿ ಇಪ್ಪತ್ತೊಂಬತ್ತು ಜನ ನಿಂತೇ ಇದ್ದರು; ಮೂವತ್ತನೆಯ ಫೋನು ನನ್ನ ಜೇಬಿನಲ್ಲಿತ್ತು. ಅದು ನಮ್ಮ ಫೋನುಗಳ ಲೆಕ್ಕ ಎಂದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದಿರಿ. ಅಷ್ಟರಲ್ಲಿ ಊಟದ ಹೊತ್ತಾಯಿತು. ನೇಕಾರರು ಫೋನು ಎತ್ತಿಕೊಂಡು ಮನೆಗೆ ಹೋದರು, ನಿಮ್ಮ ಕಣ್ಣೆದುರೇ ಅಂಕಿ ಸೊನ್ನೆಗೆ ಇಳಿಯಿತು. ನಿಮ್ಮ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದ್ದೇನೆ. ಆದರೂ ಫೈಲು ಮುಗಿದಿದೆ, ಇನ್ನೇನೂ ಮಾಡಲಾಗದು ಎಂದಿರಿ.

ಇದನ್ನು ಕೇಳಿದ ನಮ್ಮ ಶೆಡ್ಡಿನ ವೀರಣ್ಣ ಕಬ್ಬಿಣದ ಸಲಾಕೆ ಹಿಡಿದು ಹೋಗಿ ಪರದೆಯನ್ನು ಪುಡಿಪುಡಿ ಮಾಡಿದ. ಯಾರೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಸಂಜೆಯೊಳಗೆ ಅವನ ಮೇಲೆ ಪ್ರಕರಣ ದಾಖಲಾಯಿತು. ಗಾಜಿಗೆ ನ್ಯಾಯ ಇಷ್ಟು ಬೇಗ ಸಿಗುವುದಾದರೆ ಚರ್ಮಕ್ಕೆ ಯಾಕೆ ಸಿಗುವುದಿಲ್ಲ? ಜಮಖಂಡಿಯ ಡಾಕ್ಟರು ಬೆರಳು ಮತ್ತೆ ಮಡಚುವ ಖಾತ್ರಿ ಇಲ್ಲ ಎಂದಿದ್ದಾರೆ. ಆ ಕೈಯಿಂದಲೇ ಅವಳು ಎರಡು ಹೆಣ್ಣುಮಕ್ಕಳನ್ನು ಸಾಕಿದವಳು.

ಪರದೆ ಒಡೆದವನ ಮೇಲೆ ಹಾಕಿದಂಥ ಪ್ರಕರಣವನ್ನು ಗಾಡಿ ಒದ್ದವನ ಮೇಲೂ, ಒದೆಯಲು ಕಳಿಸಿದ ನಿಮ್ಮ ಮೇಲೂ ಹಾಕಿಸಿ. ಜನಜಂಗುಳಿ ಎಂಬ ಸುಳ್ಳು ಷರಾ ಅಳಿಸಿ, ಅವಳ ಜಾಗ ಅವಳಿಗೆ ಬಿಡಿ. ಆಮೇಲೆ ಆಸ್ಪತ್ರೆಗೆ ಬಂದು ಅವಳ ಮಂಚದ ಎದುರು ನಿಲ್ಲಿ.

ಇನ್ನೊಂದು ಮಾತು. ನಿಮ್ಮ ಪರದೆಯೆದುರು ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ನಿಂತಿದ್ದವಳು ಅಕ್ಕ ಒಬ್ಬಳೇ. ನಿಮ್ಮ ಯಂತ್ರ ಅವಳನ್ನು ಒಂದು ದಿನವೂ ಎಣಿಸಲಿಲ್ಲ. ಅವಳ ಹತ್ತಿರ ಫೋನೇ ಇಲ್ಲ. ನೀವೂ ಬರುವಾಗ ನಿಮ್ಮದನ್ನು ಹೊರಗಿಟ್ಟು ಬನ್ನಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಇನ್ನೂ ನಡುರಸ್ತೆಯಲ್ಲೇ ನಿಂತಿರುವ
ಪ್ರಭುಲಿಂಗ, ನೇಕಾರ, ರಬಕವಿ