ಆಡಿನ ಕೊಟ್ಟಿಗೆ ನನ್ನದು

ಏಪ್ರಿಲ್ 2. ಮೆಸ್‌ನಿಂದ ಬಂದು

ಮತ್ತೆ ಅದೇ ವೆಬ್‌ಸೈಟ್. ಕೆಮಿಸ್ಟ್ರಿ ನೋಟ್ಸ್ ಕೆಳಗೆ ಫೋನ್. ರೂಮ್‌ಮೇಟ್ ಗೂಬೆ (ಹಗಲೆಲ್ಲ ನಿದ್ದೆ, ಅದಕ್ಕೇ ಆ ಹೆಸರು) ಹೊದಿಕೆಯಿಂದ ತಲೆ ಹೊರಗೆ ಹಾಕಿದಳು.

"ದುಡ್ಡು ಕೊಟ್ಟು ಹಿಕ್ಕೆ ಗುಡಿಸೋಕೆ ಹೋಗ್ತೀಯಾ? ನನ್ನ ಕಾಟ್ ಕೆಳಗೆ ಗುಡಿಸು, ಫ್ರೀ."

ಗುಡಿಸೋದೇ ಬೇಕು ನನಗೆ. ಫಾರ್ಮ್‌ಸ್ಟೇ, ಆದರೆ ನಿಜವಾದ ತೋಟ. ಬಾಳೆ, ಕೋಕೋ, ವೆನಿಲಾ ಬಳ್ಳಿ, ವರ್ಷವಿಡೀ ಬೆವರು. ಬಂದವರು ದುಡಿಯಲೇಬೇಕು. ಒಬ್ಬೊಬ್ಬರಿಗೆ ಒಂದು ಕೆಲಸ. ಇರುವಷ್ಟು ದಿನ ಅದು ಅವರದೇ. ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ.

ಆ ಕೊನೇ ಸಾಲನ್ನು ಎಷ್ಟು ಸಲ ಓದಿದೆನೋ…

ಏಪ್ರಿಲ್ 5

ಫೋನ್ ಮಾಡೇಬಿಟ್ಟೆ. ತೋಟದ ಆಂಟಿಯದು ಗಂಡಸಿನಂಥ ದನಿ.

"ಏನು ಕೆಲಸ ಬರುತ್ತಮ್ಮಾ ನಿನಗೆ?"

ಮೂರನೇ ಕ್ಲಾಸಿನಿಂದ ಹಾಸ್ಟೆಲ್. ಏನು ಬರುತ್ತೆ? "ಸುಕ್ಕಿಲ್ಲದ ಹಾಗೆ ಬೆಡ್‌ಶೀಟ್ ಹಾಸ್ತೀನಿ. ಕ್ಯೂ ನಿಲ್ತೀನಿ. ಬೆಲ್ ಹೊಡೆದ ತಕ್ಷಣ ಏಳ್ತೀನಿ."

ಆ ಕಡೆ ಗೊಳ್ಳೆಂದು ನಗು. "ಇಲ್ಲಿ ಬೆಲ್ ಇಲ್ಲ, ಆಡುಗಳಿವೆ. ಹಸಿದರೆ ಊರೇ ಎಬ್ಬಿಸ್ತವೆ. ಸರಿ, ಆಡಿನ ಕೊಟ್ಟಿಗೆ ನಿನ್ನದು. ನೆಟ್ಟಗೆ ಗುಡಿಸದಿದ್ದರೆ ಬೈತೀನಿ. ಆಮೇಲೆ ಮೂಗು ಸುರಿಸಬಾರದು."

"ಇಲ್ಲ ಆಂಟಿ. ಬೈಯಿರಿ."



ಏಪ್ರಿಲ್ 6. ಲ್ಯಾಬ್ ಬಂಕ್

ಗೂಬೆಯ ಪ್ರಶ್ನೆ: ರಜೆಗೆ ಮನೆ ಇದೆಯಲ್ಲ, ಹೋಗೋಕೇನು ರೋಗ?

ಮನೆ ಚೆನ್ನಾಗಿದೆ. ಅದೇ ಪ್ರಾಬ್ಲಮ್. ರಜೆಗೆ ಹೋದರೆ ಹೊಸ ಟವೆಲ್. ಶೋಕೇಸಿನಿಂದ ಇಳಿಸಿದ ಲೋಟ. ಉಂಡ ತಟ್ಟೆ ಎತ್ತಿದರೆ ಅಮ್ಮ ಓಡಿ ಬರುತ್ತಾಳೆ— "ಬಿಡು ಪುಟ್ಟಿ, ಬಂದಿರೋದೇ ನಾಲ್ಕು ದಿನ." ತಮ್ಮನಿಗೆ ಮಾತ್ರ ಬೆಳಗಾದರೆ ಮಂಗಳಾರತಿ. "ಏ ಕೋಣ, ಬಾಟಲಿಗೆ ನೀರು ತುಂಬಿಸಿದ್ಯಾ? ನಿನ್ನ ಚಡ್ಡಿ ಯಾರೋ ಒಗೀಬೇಕು, ನಿಮ್ಮ ತಾತ ಬರ್ತಾರಾ?"

ನಾನು ಸೋಫಾದ ತುದಿಯಲ್ಲಿ ಮಂಡಿ ಜೋಡಿಸಿ ಕೂತು ಕೇಳಿಸಿಕೊಳ್ಳುತ್ತೇನೆ. ಹೊಟ್ಟೆಕಿಚ್ಚು. ಆ ಮನೆಯಲ್ಲಿ ನನಗೆ ಒಬ್ಬರೂ ಬೈದಿಲ್ಲ.

ಏಪ್ರಿಲ್ 9

ಅಮ್ಮನಿಗೆ ಹೇಳಿದೆ. ಫೋನಿನಲ್ಲೇ.

"ಮನೇಲಿ ಏನು ಕಮ್ಮಿ ಆಯ್ತು ಪುಟ್ಟಿ?"

"ಎಕ್ಸ್‌ಪೀರಿಯೆನ್ಸ್ ಅಮ್ಮಾ…"

ಪೆದ್ದಿ ನಾನು. ಹೇಳಬೇಕಾದ್ದು ಅದಲ್ಲ.

ಏಪ್ರಿಲ್ 21

ಇಷ್ಟು ದಿನ ಬರೆಯೋಕೆ ಧೈರ್ಯ ಇರಲಿಲ್ಲ. ಅಮ್ಮ ಆ ವಿಷಯ ಎತ್ತಿರಲಿಲ್ಲ. ಇವತ್ತು ಎತ್ತಿದಳು, ಕುಣಿಯುವ ದನಿಯಲ್ಲಿ.

"ರಜೆ ಹಾಕಿದೆ! ನಾನೂ ಬರ್ತೀನಿ. ಆ ತೋಟದಮ್ಮನ ಹತ್ರ ಮಾತಾಡಿದೆ. ಮಗೂಗೆ ಅಭ್ಯಾಸ ಇಲ್ಲ, ಕೊಟ್ಟಿಗೆ ನಾನೇ ನೋಡ್ಕೋತೀನಿ ಅಂದೆ. ನೀನು ಜಗಲೀಲಿ ಕೂತು ಓದ್ಕೋ, ಫೋಟೋ ತೆಗಿ."

"ಥ್ಯಾಂಕ್ಸ್ ಅಮ್ಮಾ."

ಬಾಯಿಗೆ ಅದೇ ಬಂತು. ಗೆಸ್ಟ್‌ಗಳು ಹೇಳೋದೂ ಅದನ್ನೇ. ಹಾಸ್ಟೆಲ್‌ಗೆ ಬೀಗ ಬೀಳುತ್ತೆ, ಮನೆಗೆ ಹೋದರೆ ಸೋಫಾ, ತೋಟಕ್ಕೆ ಹೋದರೆ ಜಗಲಿ… ಎಲ್ಲಿ ಹೋದರೂ ಕುರ್ಚಿ ಹಾಕಿ ಕೂರಿಸುತ್ತಾರೆ.

ಆಂಟಿಗೆ ಫೋನ್ ಮಾಡಿ ಗೋಗರೆದೆ.

"ಅಯ್ಯೋ, ಇರೋದು ಒಂದೇ ಕೊಟ್ಟಿಗೆ. ತಾಯಿ ಮಗಳ ಮಧ್ಯೆ ನಾನು ಬರಲ್ಲಮ್ಮಾ. ಬೂಟು ಹಾಕ್ಕೊಂಡು ಯಾರು ಬಂದು ನಿಲ್ತಾರೋ ಅವರ ಕೈಗೆ ಪೊರಕೆ. ಬೂಟಿಲ್ಲದೆ ನಮ್ಮ ಕೊಟ್ಟಿಗೆಗೆ ಪ್ರವೇಶ ಇಲ್ಲ."

ಮೇ 3. ಮನೆ

ಹೊಸ ಟವೆಲ್. ಈ ಸಲ ಹಳದಿ.

ಅಮ್ಮ ಸ್ನಾನಕ್ಕೆ ಹೋದಾಗ ಸಿಂಕಿನ ಪಾತ್ರೆಯೆಲ್ಲ ತೊಳೆದಿಟ್ಟೆ. ಎಷ್ಟು ಖುಷಿ! ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಹೋದರೆ… ಅಮ್ಮ ಅವನ್ನೇ ಮತ್ತೆ ತೊಳೆಯುತ್ತಿದ್ದಾಳೆ. ನಲ್ಲಿ ಸಣ್ಣಗೆ ಬಿಟ್ಟುಕೊಂಡು, ಸದ್ದಾಗದ ಹಾಗೆ. ತಳದಲ್ಲಿ ಜಿಡ್ಡು ಉಳಿದಿತ್ತು ಅನ್ನಿಸುತ್ತೆ.

ತಮ್ಮನಾಗಿದ್ದರೆ ಪಾತ್ರೆ ಎಸೆದು ಕರೆಯುತ್ತಿದ್ದಳು. ನಾನು ಬಾಗಿಲಿಂದಲೇ ವಾಪಸ್. ಬಾಯಾರಿಕೆ ಹಾಗೇ.

ತಮ್ಮ ಬಂದ. "ನೋಡಿದ್ಯಾ, ಅಮ್ಮಂಗೆ ಗಮ್‌ಬೂಟು. ನಿಂಗೆ ಹ್ಯಾಟು."

"ಹೋಗೋ ಕೋಣ."

"ಥೂ, ನೀನು ಬೈದ್ರೆ ಖಾರಾನೇ ಇಲ್ಲ ಕಣೇ. ಅಮ್ಮನ ಹತ್ರ ಟ್ರೈನಿಂಗ್ ತಗೋ."

ಕೊಡೋರಾದರೂ ಬೇಕಲ್ಲ.

ಮೇ 5. ಹೊರಡುವ ಬೆಳಿಗ್ಗೆ

ಟ್ಯಾಕ್ಸಿ ಬಂದಾಯಿತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಬ್ಯಾಗುಗಳೆಲ್ಲ ಬಾಗಿಲಲ್ಲಿ. ಅಮ್ಮನ ಕೂಗು ಮನೆ ತುಂಬ—

"ಏ ಕೋಣ! ಬೂಟು ಎಲ್ಲಿಟ್ಟೆ? ಇಲ್ಲೇ ಇತ್ತಲ್ಲೋ!"

"ಅಮ್ಮಾಣೆ ನಾನಲ್ಲ!"

"ಇನ್ಯಾರು, ನಿಮ್ಮ ತಾತನಾ?"

ನನ್ನ ಕಾಲಲ್ಲಿವೆ. ಒಂದು ಸೈಜು ದೊಡ್ಡವು. ಬೆರಳ ಹತ್ತಿರ ನ್ಯೂಸ್‌ಪೇಪರ್ ತುರುಕಿದ್ದೇನೆ. ಮಂಚದ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಅವಳು ನಕ್ಕು "ಬಿಡು ಪುಟ್ಟಿ, ನೀನೇ ಇಟ್ಕೋ" ಅಂದರೆ ಮುಗೀತು. ಹಾಗನ್ನಬಾರದು.

ತಮ್ಮ ಹೇಳಿಬಿಟ್ಟ ಅನ್ನಿಸುತ್ತೆ. ಕೂಗು ನಿಂತಿತು. ಹೆಜ್ಜೆ ಸದ್ದು ಈ ಕಡೆಗೇ. ಬಾಗಿಲ ಚಿಲಕ… ಅಮ್ಮಾ, ಬೈಯೇ. ಒಂದೇ ಒಂದು ಸಲ ಕೋಣ ಅನ್ನು, ಕತ್ತೆ ಅನ್ನು, ಏನಾದ್ರೂ ಅ—